‘ಲೂರಿಡ್’ ಪದವನ್ನು ಅರ್ಥ ಮಾಡಿಕೊಳ್ಳುವುದು, ಕನ್ನಡಕ್ಕೆ ತರುವುದು, ತಪ್ಪದೆ ಬಳಸುವುದು

ಇಂಗ್ಲಿಷ್ ಪತ್ರಿಕೆಗಳ ಅಪರಾಧ ವರದಿಯಲ್ಲಿ, ಪುಸ್ತಕ ವಿಮರ್ಶೆಯಲ್ಲಿ, ಕೋರ್ಟ್ ಸುದ್ದಿಯಲ್ಲಿ ‘ಲೂರಿಡ್’ ಎಂಬ ವಿಶೇಷಣ ಮತ್ತೆ ಮತ್ತೆ ಎದುರಾಗುತ್ತದೆ. ಬೆಂಗಳೂರಿನ ಸುದ್ದಿಮನೆಯಲ್ಲಿ ಇಂಗ್ಲಿಷ್ ಕಾಪಿಯನ್ನು ಗಡಿಬಿಡಿಯಲ್ಲಿ ಕನ್ನಡ ಮಾಡುವವರು ಅದನ್ನು ‘ಭಯಾನಕ’ ಎಂದೋ ‘ಘೋರ’ ಎಂದೋ ಬರೆದು ಮುಂದಿನ ಸಾಲಿಗೆ ಹೋಗಿಬಿಡುತ್ತಾರೆ. ವಾಕ್ಯಕ್ಕೆ ಏನೂ ಆಗಿಲ್ಲವೆಂದು ತೋರುತ್ತದೆ. ಆದರೆ ಮೂಲ ಬರಹಗಾರ ಯಾರ ಮೇಲೆ ದೂರು ಹೇಳಿದ್ದನೋ ಆ ದೂರು ಮಾಯವಾಗಿರುತ್ತದೆ.

‘ಭಯಾನಕ’ ಎಂಬ ಮಾತು ಘಟನೆಯ ಬಗ್ಗೆ. ‘ಲೂರಿಡ್’ ಎಂಬ ಮಾತು ಹೆಚ್ಚಿನ ಸಲ ಆ ಘಟನೆಯನ್ನು ತೋರಿಸಿದ ರೀತಿಯ ಬಗ್ಗೆ. ಕೊಲೆ ಭಯಾನಕ, ಆ ಕೊಲೆಯನ್ನು ಬಾಯಿ ಚಪ್ಪರಿಸುತ್ತ ಬಣ್ಣಿಸಿದ ವರದಿ ಲೂರಿಡ್. ಈ ಒಂದು ಗೆರೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಮುಂದಿನದೆಲ್ಲ ಸಲೀಸು.

ಉಚ್ಚಾರಣೆ ಮತ್ತು ಕಾಗುಣಿತ

ಒತ್ತು ಮೊದಲ ಭಾಗದ ಮೇಲೆ: ‘ಲೂ’ ಸ್ವಲ್ಪ ಎಳೆದು, ‘ರಿಡ್’ ಚಿಕ್ಕದಾಗಿ. ಹಳೆಯ ಬ್ರಿಟಿಷ್ ಉಚ್ಚಾರಣೆಯಲ್ಲಿ ‘ಲ್ಯೂರಿಡ್’ ಎಂದೂ ಕೇಳಿಸುತ್ತದೆ, ಅದು ತಪ್ಪಲ್ಲ. ‘ಲರಿಡ್’, ‘ಲೂರೈಡ್’ ಎರಡೂ ತಪ್ಪು. ಬರೆಯುವಾಗ ಎಲ್, ಯು, ಆರ್, ಐ, ಡಿ, ಐದೇ ಅಕ್ಷರ. ‘ಹಾರಿಡ್’ ಪದದ ಪ್ರಭಾವದಿಂದ ಎರಡು ಆರ್ ಹಾಕುವವರಿದ್ದಾರೆ; ಇಲ್ಲಿ ಒಂದೇ ಸಾಕು. ಆಮಿಷ ಒಡ್ಡುವುದು ಎಂಬರ್ಥದ ‘ಲೂರ್’ ಪದಕ್ಕೂ ಇದಕ್ಕೂ ಹುಟ್ಟಿನಿಂದ ಸಂಬಂಧವಿಲ್ಲ, ದನಿ ಹೋಲುತ್ತದೆ ಅಷ್ಟೆ.

ಪದ ನಡೆದು ಬಂದ ದಾರಿ

ಲ್ಯಾಟಿನ್ನಿನ ‘ಲೂರಿಡಸ್’ ಎಂದರೆ ಬಿಳಿಚಿಕೊಂಡ ಹಳದಿ. ರೋಗಿಯ ಮುಖದಲ್ಲಿ, ಹೆಣದ ಚರ್ಮದಲ್ಲಿ ಕಾಣುವಂಥ ಕಳೆಗೆಟ್ಟ ಬಣ್ಣ. 17ನೇ ಶತಮಾನದಲ್ಲಿ ಈ ಪದ ಇಂಗ್ಲಿಷಿಗೆ ಬಂದಾಗ ಇದ್ದದ್ದು ಇದೇ ಅರ್ಥ. ಸಸ್ಯಶಾಸ್ತ್ರದ ಹೆಸರುಗಳಲ್ಲಿ ಆ ಹಳೆಯ ಬಣ್ಣ ಇನ್ನೂ ಉಳಿದುಕೊಂಡಿದೆ. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 18ನೇ ಶತಮಾನದಲ್ಲಿ ತಂಬಾಕು ಮತ್ತು ಅದರ ಬಳಗದ ವಿಷದ ಗಿಡಗಳನ್ನು ‘ಲೂರಿಡೇ’ ಎಂಬ ಗುಂಪಿಗೆ ಸೇರಿಸಿದ್ದ. ಯುರೋಪಿನ ಒಂದು ಅಣಬೆಯ ಹೆಸರು ಇವತ್ತಿಗೂ ಸುಯಿಲೆಲಸ್ ಲೂರಿಡಸ್.

18ನೇ ಶತಮಾನದ ಹೊತ್ತಿಗೆ ಪದ ಬಣ್ಣದಿಂದ ಬೆಳಕಿಗೆ ಸರಿಯಿತು. ದಟ್ಟ ಹೊಗೆಯ ಹಿಂದೆ ಉರಿಯುವ ಬೆಂಕಿ ಹೇಗೆ ಕಾಣುತ್ತದೆ? ನೇರ ಜ್ವಾಲೆಯ ಹಾಗೆ ಹೊಳೆಯುವುದಿಲ್ಲ, ಕತ್ತಲೆಯೊಳಗಿಂದ ಮಂಕಾಗಿ, ಕೆಂಪಾಗಿ, ಏನೋ ಕೇಡು ಕಾದಿದೆ ಎನ್ನುವಂತೆ ಕಾಣುತ್ತದೆ. ಆ ಬೆಳಕಿಗೆ ಈ ಹೆಸರು ಅಂಟಿತು. 19ನೇ ಶತಮಾನದ ನಡುಭಾಗದಿಂದ ಈಚೆಗೆ ಬೆಳಕು ಮಾತಾಯಿತು: ಓದುಗನನ್ನು ಬೆಚ್ಚಿಬೀಳಿಸಲೆಂದೇ, ಕೆಟ್ಟ ಕುತೂಹಲ ಕೆರಳಿಸಲೆಂದೇ ಬಣ್ಣ ಕಟ್ಟಿದ ಬರಹ ಲೂರಿಡ್ ಎನಿಸಿಕೊಂಡಿತು. ಬ್ರಿಟನ್ನಿನಲ್ಲಿ ಒಂದು ಪೆನ್ನಿಗೆ ಮಾರಾಟವಾಗುತ್ತಿದ್ದ ‘ಪೆನ್ನಿ ಡ್ರೆಡ್‌ಫುಲ್’ ಕಥೆಗಳ ಕಾಲ ಅದು. ಇವತ್ತು ಹತ್ತರಲ್ಲಿ ಎಂಟು ಸಲ ನಿಮಗೆ ಸಿಗುವುದು ಈ ಕೊನೆಯ ಅರ್ಥವೇ ಎಂದು ಹಿಡಿದು ಓದಲು ಶುರುಮಾಡಿ.

ಒಂದು ಆಕಸ್ಮಿಕ ಇಲ್ಲಿ ಗಮನಿಸುವಂತಿದೆ. 1890ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ಪುಲಿಟ್ಜರ್ ಮತ್ತು ಹರ್ಸ್ಟ್ ಎಂಬ ಇಬ್ಬರು ಮಾಲೀಕರ ಪತ್ರಿಕೆಗಳು ಪ್ರಸಾರಕ್ಕಾಗಿ ಜಿದ್ದಿಗೆ ಬಿದ್ದು ಅಬ್ಬರದ ಸುದ್ದಿ ಬರೆದಾಗ ಅದಕ್ಕೆ ‘ಯೆಲ್ಲೋ ಜರ್ನಲಿಸಂ’ ಎಂಬ ಹೆಸರು ಬಿತ್ತು. ಕನ್ನಡದಲ್ಲಿ ನಾವು ಪೀತ ಪತ್ರಿಕೋದ್ಯಮ ಎನ್ನುತ್ತೇವೆ. ಆ ಹಳದಿ ಬಂದದ್ದು ‘ಯೆಲ್ಲೋ ಕಿಡ್’ ಎಂಬ ವ್ಯಂಗ್ಯಚಿತ್ರದ ಹುಡುಗನ ಅಂಗಿಯಿಂದ. ಲೂರಿಡಸ್‌ನ ಹಳದಿಗೂ ಅದಕ್ಕೂ ನಂಟಿಲ್ಲ. ಆದರೂ ‘ಪೀತ ಪತ್ರಿಕೆ’ ಎಂದಾಗ ನಮಗೆ ಬರುವ ಮುಜುಗರ ಇದೆಯಲ್ಲ, ‘ಲೂರಿಡ್’ ಪದದ ರುಚಿ ಹೆಚ್ಚುಕಡಿಮೆ ಅದೇ.

ಮೊದಲ ಹೆಜ್ಜೆ: ಮುಂದಿರುವ ನಾಮಪದ ನೋಡಿ

ಅರ್ಥ ಯಾವುದೆಂದು ತಿಳಿಯಲು ನಿಘಂಟಿಗಿಂತ ಮೊದಲು ನೋಡಬೇಕಾದದ್ದು ಲೂರಿಡ್ ಯಾವ ನಾಮಪದಕ್ಕೆ ಅಂಟಿಕೊಂಡಿದೆ ಎಂಬುದನ್ನು.

ಡೀಟೇಲ್ಸ್, ಹೆಡ್‌ಲೈನ್, ಸ್ಟೋರಿ, ಟೇಲ್, ಅಕೌಂಟ್, ಅಲಿಗೇಷನ್, ರೂಮರ್, ಕವರ್, ಪಾಸ್ಟ್, ಇಮ್ಯಾಜಿನೇಷನ್ ಇವುಗಳ ಮುಂದೆ ಬಂದರೆ ಅರ್ಥ ‘ಹೇಳಿದ ರೀತಿ’ಯದು. ರಕ್ತ, ಹಿಂಸೆ, ಲೈಂಗಿಕ ಹಗರಣ, ಇವುಗಳಲ್ಲಿ ಒಂದಾದರೂ ಆ ವಿಷಯದಲ್ಲಿ ಇರುತ್ತದೆ. ಬಜೆಟ್ ವರದಿಯಲ್ಲಿ ಎಷ್ಟೇ ಉತ್ಪ್ರೇಕ್ಷೆ ಇದ್ದರೂ ಅದನ್ನು ಲೂರಿಡ್ ಎನ್ನುವುದಿಲ್ಲ. ಮಾಂಸ, ನೆತ್ತರು, ಮಲಗುವ ಕೋಣೆ, ಇವುಗಳ ವಾಸನೆ ಇಲ್ಲದ ಕಡೆ ಈ ಪದ ನಿಲ್ಲುವುದಿಲ್ಲ.

ಪಿಂಕ್, ಗ್ರೀನ್, ಪರ್ಪಲ್, ಆರೆಂಜ್ ಮುಂತಾದ ಬಣ್ಣದ ಹೆಸರು, ಅಥವಾ ಕರ್ಟನ್, ಶರ್ಟ್, ಐಸಿಂಗ್, ವಾಲ್‌ಪೇಪರ್ ಮುಂದೆ ಬಂದರೆ ಅರ್ಥ ಬಣ್ಣದ್ದು. ಇಲ್ಲಿ ಕೇವಲ ‘ಗಾಢ’ ಎಂದು ತಿಳಿಯಬಾರದು. ಗಾಢವಾಗಿದ್ದೂ ಚೆಲುವಾಗಿರುವ ಬಣ್ಣಗಳು ಬೇಕಾದಷ್ಟಿವೆ. ಕೆ.ಆರ್. ಮಾರುಕಟ್ಟೆಯಲ್ಲಿ ಬೆಳಗಿನ ಜಾವ ರಾಶಿ ಹಾಕಿದ ಸೇವಂತಿಗೆಯ ಹಳದಿ ಲೂರಿಡ್ ಅಲ್ಲ. ಬೇಸಿಗೆ ಹತ್ತಿರವಾದಾಗ ಬೆಂಗಳೂರಿನ ರಸ್ತೆಗಳಲ್ಲಿ ಅರಳುವ ಟಬೂಬಿಯಾದ ಗುಲಾಬಿಯೂ ಅಲ್ಲ, ಚಿಕ್ಕಪೇಟೆಯ ರೇಷ್ಮೆ ಸೀರೆಯ ರಾಮಾ ಗ್ರೀನ್ ಕೂಡ ಅಲ್ಲ. ಹಾಗಾದರೆ ಯಾವುದು? ಗಾಡಿಯ ಗೋಬಿ ಮಂಚೂರಿಯ ಮೇಲೆ ಬೆರಳಿಗೆ ಅಂಟಿ ಬರುತ್ತಿದ್ದ ಆ ಕೆಂಪು. ಕಾಟನ್ ಕ್ಯಾಂಡಿಯ ಆ ಗುಲಾಬಿ. ‘ಇದು ಸಹಜವಾಗಿ ಬಂದ ಬಣ್ಣವಲ್ಲ, ಒಳಗೆ ಏನೋ ಸರಿಯಿಲ್ಲ’ ಎಂದು ಕಣ್ಣಿಗೆ ಹೊಳೆಯುವ ಬಣ್ಣ. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿ ಮತ್ತು ಕಾಟನ್ ಕ್ಯಾಂಡಿಯಲ್ಲಿ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿತಲ್ಲ, ಆಗ ಹೆಸರು ಕೇಳಿಬಂದ ರೋಡಮಿನ್-ಬಿ ಎಂಬ ಕೃತಕ ಬಣ್ಣದ ಗುಲಾಬಿಗೆ ಲೂರಿಡ್ ಪಿಂಕ್ ಎಂದರೆ ಕೂದಲೆಳೆಯಷ್ಟೂ ತಪ್ಪಿಲ್ಲ.

ಗ್ಲೋ, ಲೈಟ್, ಸ್ಕೈ, ಫ್ಲೇಮ್, ಸನ್‌ಸೆಟ್ ಮುಂದೆ ಬಂದರೆ ಅರ್ಥ ಬೆಳಕಿನದು, ಮತ್ತು ಇಲ್ಲಿ ಮಾತ್ರ ಪದದಲ್ಲಿ ಬೈಗುಳ ಇಲ್ಲ. ಅಪಶಕುನದ ಭಾವ ಇದೆ. ಬೆಳ್ಳಂದೂರು ಕೆರೆಗೆ 2017ರ ಫೆಬ್ರವರಿಯಲ್ಲಿ, ಮತ್ತೆ 2018ರ ಜನವರಿಯಲ್ಲಿ ಬೆಂಕಿ ಬಿತ್ತು. ನೀರಿನ ಮೇಲೆ ಬೆಂಕಿ ಎಂಬುದೇ ದಿಗಿಲು ಹುಟ್ಟಿಸುವ ಮಾತು. ಅಂಥ ಬೆಂಕಿಯ ಮೇಲೆ ಕತ್ತಲಾದ ಮೇಲೆ ಹೊಗೆ ಕವಿದರೆ ಉಳಿಯುವ ಕೆಂಪು, ಪಠ್ಯಪುಸ್ತಕದಲ್ಲಿ ಉದಾಹರಣೆಯಾಗಿ ಕೊಡಬಹುದಾದ ಲೂರಿಡ್ ಗ್ಲೋ. ಇನ್ನೂ ದೊಡ್ಡ ಪ್ರಮಾಣದ್ದು ಬೇಕೆಂದರೆ ಕ್ರಾಕಟೋವಾ ಜ್ವಾಲಾಮುಖಿ. 1883ರ ಆಗಸ್ಟ್‌ನಲ್ಲಿ ಅದು ಸಿಡಿದ ಮೇಲೆ ತಿಂಗಳುಗಟ್ಟಲೆ ಲೋಕದ ನಾನಾ ಕಡೆ ಸಂಜೆಯ ಆಕಾಶ ನೆತ್ತರುಗೆಂಪಾಗುತ್ತಿತ್ತು. ಅಮೆರಿಕದ ಪೊಕಿಪ್ಸಿ ಎಂಬ ಊರಿನಲ್ಲಿ ಎಲ್ಲೋ ಬೆಂಕಿ ಬಿದ್ದಿದೆಯೆಂದು ಅಗ್ನಿಶಾಮಕದವರನ್ನೇ ಕರೆಸಿದ್ದರು. ಗುಡ್ಡದ ಮೇಲೆ ನಿಂತು ಖುಷಿಯಿಂದ ನೋಡುವ ಮುಳುಗು ಸೂರ್ಯನಿಗೆ ಈ ಪದ ಬೇಡ. ನೋಡುವವನ ಎದೆಯಲ್ಲಿ ಅಳುಕು ಇರಬೇಕು.

ಮುಖ, ಚರ್ಮ, ಕಾಯಿಲೆಗೆ ಅಂಟಿದ ‘ಬಿಳಿಚಿಕೊಂಡ’ ಎಂಬ ಅರ್ಥ ಹಳೆಯ ಸಾಹಿತ್ಯದಲ್ಲಷ್ಟೇ ಸಿಗುತ್ತದೆ. ಓದುವಾಗ ಗುರುತಿಸಿ, ಬರೆಯುವಾಗ ಬಿಟ್ಟುಬಿಡಿ.

ಎರಡನೆಯ ಹೆಜ್ಜೆ: ಕನ್ನಡದ ಪದ ಆರಿಸುವುದು

ಒಂದೇ ಕನ್ನಡ ಪದ ಹುಡುಕಿ ಹೊರಟರೆ ಸೋಲುತ್ತೀರಿ. ಒಂದೊಂದು ಅರ್ಥಕ್ಕೂ ಬೇರೆ ಪದ ಇಟ್ಟುಕೊಳ್ಳಬೇಕು. ಯಾವ ಪದ ಎಲ್ಲಿ ಕೈಕೊಡುತ್ತದೆ ಎಂಬುದೂ ಗೊತ್ತಿರಬೇಕು.

‘ರೋಚಕ’ದಿಂದ ಶುರುಮಾಡೋಣ, ಏಕೆಂದರೆ ತಪ್ಪು ಹೆಚ್ಚು ಆಗುವುದು ಇಲ್ಲೇ. ರುಚ್ ಎಂಬ ಧಾತುವಿಗೆ ಹೊಳೆಯುವುದು, ಹಿಡಿಸುವುದು ಎರಡೂ ಅರ್ಥಗಳಿವೆ. ಹೊಳಪು, ರುಚಿ ಎರಡೂ ಒಂದೇ ಬೇರಿನವು. ಕೇಳಲು ಲೂರಿಡ್‌ಗೆ ಹೇಳಿ ಮಾಡಿಸಿದಂತಿದೆ. ಆದರೆ ಈಗಿನ ಕನ್ನಡದಲ್ಲಿ ‘ರೋಚಕ’ ಹೊಗಳಿಕೆ. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಕೊನೆಯ ಎಸೆತಕ್ಕೆ ಗೆದ್ದರೆ ಅದು ರೋಚಕ ಗೆಲುವು. ‘ಅತ್ಯಾಚಾರದ ರೋಚಕ ವಿವರ’ ಎಂದು ಬರೆದರೆ ಟೀಕಿಸಲು ಹೊರಟ ವಾಕ್ಯವೇ ಆ ರುಚಿಗೆ ಚಪ್ಪಾಳೆ ತಟ್ಟಿದಂತಾಗುತ್ತದೆ. ಅಪರಾಧದ ಸುದ್ದಿಯಲ್ಲಿ ಈ ಪದವನ್ನು ಬಳಸಲೇಬೇಡಿ.

‘ಅತಿರಂಜಿತ’ ಇದಕ್ಕಿಂತ ಬಹಳ ಹತ್ತಿರ. ರಂಜ್ ಎಂದರೆ ಬಣ್ಣ ಅದ್ದುವುದು, ಕೆಂಪಾಗಿಸುವುದು. ಅತಿರಂಜಿತ ಎಂದರೆ ಅಳತೆ ಮೀರಿ ಬಣ್ಣ ಹಚ್ಚಿದ್ದು. ಬಣ್ಣದಿಂದ ಮಾತಿಗೆ ಜಾರಿದ ಲೂರಿಡ್‌ನ ನಡೆಯೇ ಇಲ್ಲೂ ಇದೆ. ನಮ್ಮ ‘ಬಣ್ಣನೆ’ ಎಂಬ ಪದವೂ ವರ್ಣನೆಯ ತದ್ಭವ, ಅಂದರೆ ಬಣ್ಣದ ಬಳಗದ್ದೇ. ‘ಬಣ್ಣ ಕಟ್ಟಿ ಹೇಳಿದ’ ಎಂದು ಯಾರ ಬಗ್ಗೆಯಾದರೂ ಹೇಳಿದರೆ ಕೇಳುವವರಿಗೆ ಮತ್ತೆ ವಿವರಣೆ ಬೇಕಿಲ್ಲ. ಆದರೆ ಒಂದು ಎಚ್ಚರ: ಅತಿರಂಜಿತ ಎಂದರೆ ‘ಇದರಲ್ಲಿ ಸುಳ್ಳು ಬೆರೆತಿದೆ’ ಎಂಬ ಧ್ವನಿ ಬರುತ್ತದೆ. ಲೂರಿಡ್‌ನಲ್ಲಿ ಆ ಆರೋಪ ಕಡ್ಡಾಯವಲ್ಲ. ವಿವರವೆಲ್ಲ ಅಕ್ಷರಶಃ ನಿಜವಾಗಿದ್ದರೂ ಹೇಳಿದ ರೀತಿ ಲೂರಿಡ್ ಆಗಿರಬಹುದು. ಆದ್ದರಿಂದ ಮೂಲದಲ್ಲಿ ಉತ್ಪ್ರೇಕ್ಷೆಯ ಸುಳಿವು ಇದ್ದರೆ ಮಾತ್ರ ಅತಿರಂಜಿತ.

ವಿವರ ನಿಜ, ಆದರೆ ಮುಚ್ಚಿಡಬೇಕಾದದ್ದನ್ನು ಬಿಚ್ಚಿಟ್ಟಿದ್ದಾರೆ ಎನ್ನುವ ಕಡೆ ‘ಹಸಿಹಸಿಯಾಗಿ’ ಎಂಬ ಮಾತಿನಷ್ಟು ಸರಿಯಾದದ್ದು ಬೇರೆ ಸಿಗುವುದಿಲ್ಲ. ‘ಇನ್ ಲೂರಿಡ್ ಡೀಟೇಲ್’ ಎಂಬುದಕ್ಕೆ ‘ಹಸಿಹಸಿಯಾಗಿ ವಿವರಿಸಿದರು’ ಎಂಬುದು ನೇರ ಉತ್ತರ. ಇದನ್ನು ‘ಹಸಿಬಿಸಿ’ಯೊಂದಿಗೆ ಬೆರೆಸಬೇಡಿ. ಹಸಿಬಿಸಿ ಸಿನಿಮಾ ಪುಟದ ಪದ. ಶೃಂಗಾರದ ಕಡೆಗೆ ವಾಲುತ್ತದೆ, ಅದರಲ್ಲಿ ಕಣ್ಣು ಮಿಟುಕಿಸುವ ಧಾಟಿ ಇದೆ. ‘ಉಪ್ಪು ಖಾರ ಹಚ್ಚಿ’, ‘ಮಸಾಲೆ ಅರೆದು’ ಎಂಬವು ಮಾತಿನಲ್ಲಿ ಚೆನ್ನ; ಗಾಳಿಸುದ್ದಿ, ಅಕ್ಕಪಕ್ಕದ ಮನೆಯ ಹರಟೆಗೆ ಒಪ್ಪುತ್ತವೆ. ಸಾವಿನ ಸುದ್ದಿಗೆ ತೀರ ಹಗುರ.

‘ಬೀಭತ್ಸ’ ಘನವಾದ ಪದ. ನಾಟ್ಯಶಾಸ್ತ್ರ ಹೇಳುವ ಎಂಟು ರಸಗಳಲ್ಲಿ ಒಂದು, ಅದರ ಸ್ಥಾಯಿಭಾವ ಜುಗುಪ್ಸೆ. ಕೊಳೆತ ದೇಹ, ಯುದ್ಧಭೂಮಿ, ಅಪಘಾತದ ದೃಶ್ಯ, ಇವುಗಳ ಮುಂದೆ ಅದು ಸರಿ. ಆದರೆ ಬೀಭತ್ಸದಲ್ಲಿ ಪ್ರದರ್ಶನದ ಹುಮ್ಮಸ್ಸು ಇಲ್ಲ. ನೋಡಿದವನು ಮುಖ ತಿರುಗಿಸುತ್ತಾನೆ, ಅಷ್ಟೆ. ಲೂರಿಡ್ ಮುಖ ತಿರುಗಿಸಲು ಬಿಡುವುದಿಲ್ಲ. ಹೇಸಿಗೆ ಹುಟ್ಟಿಸುತ್ತಲೇ ಮತ್ತೊಮ್ಮೆ ನೋಡು ಎಂದು ಕರೆಯುತ್ತದೆ. ಹಾಗಾಗಿ ಇಂಗ್ಲಿಷಿನ ‘ಗ್ರೂಸಮ್’, ‘ಗ್ರಿಸ್ಲಿ’ಗೆ ಬೀಭತ್ಸವನ್ನು ಮೀಸಲಿಡಿ.

ಬಣ್ಣಕ್ಕೆ ‘ಕಣ್ಣಿಗೆ ರಾಚುವ’ ಎಂಬುದೇ ಮೊದಲ ಆಯ್ಕೆ. ‘ಢಾಳಾದ’ ಕೂಡ ನಡೆಯುತ್ತದೆ, ಸ್ವಲ್ಪ ಮೃದು. ‘ಕಣ್ಣು ಕುಕ್ಕುವ’ ಎಂಬುದು ದೀಪಾಲಂಕಾರಕ್ಕೂ ಆಭರಣಕ್ಕೂ ಮೆಚ್ಚುಗೆಯಾಗಿ ಬರುತ್ತದೆ, ಆದ್ದರಿಂದ ಹಿಂದೆ ಮುಂದೆ ನೋಡಿ ಬಳಸಿ. ಬೆಳಕಿಗೆ ‘ಹೊಗೆ ಬೆರೆತ ಕೆಂಬೆಳಕು’, ‘ಮಬ್ಬುಗೆಂಪು’ ಎಂದು ಚಿತ್ರ ಕೊಟ್ಟುಬಿಡುವುದು ಉತ್ತಮ. ಅಮೂರ್ತ ವಿಶೇಷಣ ಹುಡುಕುವುದು ಬೇಡ. ಹಳೆಯ ಬಿಳಿಚಿದ ಅರ್ಥಕ್ಕೆ ‘ಕಾಮಾಲೆ ಹಿಡಿದಂಥ’, ‘ಹೆಣಗಳೆಯ’ ಎಂದರೆ ಸಾಕು.

ಮೂರನೆಯ ಹೆಜ್ಜೆ: ನೆರೆಹೊರೆಯ ಪದಗಳಿಂದ ಬೇರ್ಪಡಿಸುವುದು

ವಿವಿಡ್, ಲಿವಿಡ್, ಲೂಸಿಡ್, ಲೂರಿಡ್. ಪರೀಕ್ಷೆಯಲ್ಲೂ ಇ-ಮೇಲ್‌ನಲ್ಲೂ ಈ ನಾಲ್ಕು ಒಂದರ ಜಾಗಕ್ಕೆ ಇನ್ನೊಂದು ನುಗ್ಗುತ್ತವೆ.

ವಿವಿಡ್ ಮತ್ತು ಲೂರಿಡ್ ನಡುವಿನ ಅಂತರವನ್ನು ಇಂಗ್ಲಿಷಿಗಿಂತ ಕನ್ನಡವೇ ಚೆನ್ನಾಗಿ ತೋರಿಸುತ್ತದೆ. ವಿವಿಡ್ ಆದದ್ದು ಕಣ್ಣಿಗೆ ಕಟ್ಟುತ್ತದೆ. ಲೂರಿಡ್ ಆದದ್ದು ಕಣ್ಣಿಗೆ ರಾಚುತ್ತದೆ. ಮೊದಲನೆಯದು ಬರಹಗಾರನಿಗೆ ಮೆಚ್ಚುಗೆ, ಎರಡನೆಯದು ಆಕ್ಷೇಪ. ಕೆಲಸಕ್ಕೆ ಅರ್ಜಿ ಹಾಕುವಾಗ ‘ಲೂರಿಡ್ ಬರವಣಿಗೆಯ ಶೈಲಿ ನನ್ನದು’ ಎಂದು ಯಾರಾದರೂ ಬರೆದರೆ ಅವರು ಹೇಳಲು ಹೊರಟದ್ದು ವಿವಿಡ್.

ಲಿವಿಡ್ ಲ್ಯಾಟಿನ್ನಿನ ‘ಲಿವಿಡಸ್’ನಿಂದ ಬಂದದ್ದು. ಪೆಟ್ಟು ಬಿದ್ದು ಕಂದಿ ನೀಲಿಗಟ್ಟಿದ ಚರ್ಮದ ಬಣ್ಣ ಅದು. ಈಗ ಮಾತಿನಲ್ಲಿ ‘ಕೆಂಡಾಮಂಡಲವಾದ’ ಎಂದೇ ಅರ್ಥ. ಮನುಷ್ಯ ಲಿವಿಡ್ ಆಗಬಹುದು, ಲೂರಿಡ್ ಆಗಲಾರ. ಲೂಸಿಡ್ ಎಂದರೆ ತಿಳಿಯಾದ, ಸ್ಪಷ್ಟವಾದ. ಇದಕ್ಕೂ ಲೂರಿಡ್‌ಗೂ ಅಕ್ಷರ ಒಂದರ ವ್ಯತ್ಯಾಸ, ಅರ್ಥದಲ್ಲಿ ಅಜಗಜಾಂತರ. ಬೆರಳು ತಪ್ಪಿ ಹಿರಿಯ ಅಧಿಕಾರಿಯ ಟಿಪ್ಪಣಿಯನ್ನು ಲೂರಿಡ್ ಎಂದು ಟೈಪಿಸಿದರೆ ಕಾಗುಣಿತದ ತಂತ್ರಾಂಶ ಅದನ್ನು ಹಿಡಿಯುವುದಿಲ್ಲ, ಏಕೆಂದರೆ ಎರಡೂ ಸರಿಯಾದ ಪದಗಳೇ.

ಇನ್ನು ಅರ್ಥದಲ್ಲಿ ಹತ್ತಿರದವು. ‘ಗ್ರಾಫಿಕ್’ ಎಂದರೆ ವಿವರ ಪೂರ್ತಿ ಬಿಚ್ಚಿಟ್ಟದ್ದು, ಅದರಲ್ಲಿ ಒಳ್ಳೆಯದು ಕೆಟ್ಟದ್ದು ಎಂಬ ತೀರ್ಪಿಲ್ಲ. ಮರಣೋತ್ತರ ಪರೀಕ್ಷೆಯ ವರದಿ ಗಾಯದ ಉದ್ದ, ಆಳ ಎಲ್ಲವನ್ನೂ ಬರೆಯುತ್ತದೆ, ಬರೆಯಲೇಬೇಕು. ಅದು ಗ್ರಾಫಿಕ್. ಅದೇ ಅಳತೆಗಳನ್ನು ತಲೆಬರಹದಲ್ಲಿ ಕೆಂಪು ಅಕ್ಷರದಲ್ಲಿ ಹಾಕಿದ ಕ್ಷಣ ಲೂರಿಡ್. ‘ಗೋರಿ’ (gory) ಎನ್ನಲು ರಕ್ತ ಬೇಕೇ ಬೇಕು, ಲೂರಿಡ್‌ಗೆ ಬೇಕೆಂದಿಲ್ಲ. ‘ಸಾರ್ಡಿಡ್’ ಎಂದರೆ ವ್ಯವಹಾರವೇ ಕೊಳಕು. ಯಾರೂ ಅದರ ಬಗ್ಗೆ ಬರೆಯದಿದ್ದರೂ ಅದು ಕೊಳಕೇ. ‘ಸಲೇಷಿಯಸ್’ ಕಾಮದ ಕುತೂಹಲಕ್ಕೆ ಮಾತ್ರ. ‘ಮಕಾಬ್ರ್’ ಸಾವಿನ ಸುತ್ತ. ‘ಗಾಡಿ’ (gaudy), ‘ಗ್ಯಾರಿಷ್’ ಎರಡೂ ಬಣ್ಣ ಮತ್ತು ಅಲಂಕಾರಕ್ಕೆ. ಮೊದಲನೆಯದರಲ್ಲಿ ಅಗ್ಗದ ಥಳುಕು, ಎರಡನೆಯದರಲ್ಲಿ ಕಣ್ಣಿಗೆ ಹೊಡೆಯುವ ಗುಣ. ಮದುವೆ ಛತ್ರದ ಅಲಂಕಾರ ಗಾಡಿ ಆಗಬಹುದು, ಗ್ಯಾರಿಷ್ ಆಗಬಹುದು. ಲೂರಿಡ್ ಆಗಬೇಕಾದರೆ ಆ ಬಣ್ಣ ನೋಡಿ ಮೈಗೆ ಒಗ್ಗದ ಏನೋ ಅನಿಸಬೇಕು.

ವಾಕ್ಯದಲ್ಲಿ ಇಡುವಾಗ

ನಾಮಪದದ ಮುಂದೂ ಬರುತ್ತದೆ, ಕ್ರಿಯಾಪದದ ನಂತರವೂ ಬರುತ್ತದೆ. ‘ಎ ಲೂರಿಡ್ ಕವರ್’, ‘ದ ಕವರ್ ಈಸ್ ಲೂರಿಡ್’ ಎರಡೂ ಸರಿ. ಹೋಲಿಸುವಾಗ ‘ಮೋರ್ ಲೂರಿಡ್’, ‘ಮೋಸ್ಟ್ ಲೂರಿಡ್’ ಎನ್ನಿ. ಬಣ್ಣದ ಹೆಸರಿನ ಜೊತೆ ಬಂದಾಗ ಲೂರಿಡ್ ಮೊದಲು, ಬಣ್ಣ ಆಮೇಲೆ. ಕ್ರಿಯಾವಿಶೇಷಣ ‘ಲೂರಿಡ್ಲಿ’, ಭಾವನಾಮ ‘ಲೂರಿಡ್‌ನೆಸ್’.

ತಪ್ಪುವ ಜಾಗ ಒಂದಿದೆ. ‘ದ ಲೂರಿಡ್ ಡೀಟೇಲ್ಸ್’ ಎಂಬಲ್ಲಿ ಬಹುವಚನ; ‘ಇನ್ ಲೂರಿಡ್ ಡೀಟೇಲ್’ ಎಂಬಲ್ಲಿ ಏಕವಚನ, ಮುಂದೆ ‘ಎ’ ಕೂಡ ಇಲ್ಲ. ‘ಇನ್ ಎ ಲೂರಿಡ್ ಡೀಟೇಲ್’ ಎಂದು ಬರೆಯಬೇಡಿ. ವ್ಯಕ್ತಿಗೆ ನೇರವಾಗಿ ಹಚ್ಚುವುದೂ ಕೂಡದು. ‘ಲೂರಿಡ್ ಮ್ಯಾನ್’ ಇಲ್ಲ. ಆ ವ್ಯಕ್ತಿಯ ಗತಕಾಲ, ಕಲ್ಪನೆ, ಮಾತು, ಅಂಗಿ ಮಾತ್ರ ಲೂರಿಡ್ ಆಗಬಲ್ಲವು.

ಅನುವಾದದ ಕೆಲವು ಮಾದರಿ

‘ದ ಟ್ರಯಲ್ ವಾಸ್ ರಿಪೋರ್ಟೆಡ್ ಇನ್ ಲೂರಿಡ್ ಡೀಟೇಲ್.’ ಇದನ್ನು ‘ವಿಚಾರಣೆಯು ಭಯಾನಕ ವಿವರಗಳಲ್ಲಿ ವರದಿಯಾಯಿತು’ ಎಂದರೆ ಕನ್ನಡವೂ ಕೆಟ್ಟಿತು, ಅರ್ಥವೂ ಹೋಯಿತು. ಕರ್ತೃವನ್ನು ಮುಂದೆ ತನ್ನಿ: ‘ವಿಚಾರಣೆಯಲ್ಲಿ ಬಂದ ಒಂದೊಂದು ಸಂಗತಿಯನ್ನೂ ಪತ್ರಿಕೆಗಳು ಹಸಿಹಸಿಯಾಗಿ ಬರೆದವು.’ ದೂರು ಯಾರ ಮೇಲೆ ಎಂಬುದು ಈಗ ಓದುಗನಿಗೆ ಗೊತ್ತಾಗುತ್ತದೆ.

‘ಎ ಲೂರಿಡ್ ಗ್ಲೋ ಹಂಗ್ ಓವರ್ ದ ಲೇಕ್.’ ಕೆರೆಯ ಮೇಲೆ ಹೊಗೆ ಬೆರೆತ ಕೆಂಬೆಳಕು ಕವಿದಿತ್ತು. ‘ಭೀಕರ ಹೊಳಪು ನೇತಾಡುತ್ತಿತ್ತು’ ಎಂಬಂಥ ಅನುವಾದ ಓದುಗನನ್ನು ಅಲ್ಲೇ ನಿಲ್ಲಿಸಿಬಿಡುತ್ತದೆ.

‘ಹಿ ಹ್ಯಾಸ್ ಎ ಲೂರಿಡ್ ಇಮ್ಯಾಜಿನೇಷನ್.’ ಅವನ ಕಲ್ಪನೆ ಯಾವಾಗಲೂ ನೆತ್ತರು, ಹಗರಣದ ಕಡೆಗೇ ಹೊರಳುತ್ತದೆ. ಇಲ್ಲಿ ವಿಶೇಷಣವನ್ನು ವಿಶೇಷಣವಾಗಿಯೇ ಉಳಿಸುವ ಹಟ ಬೇಡ.

‘ದ ಬುಕ್ ಹ್ಯಾಡ್ ಎ ಲೂರಿಡ್ ಕವರ್.’ ಇದು ಎರಡರ್ಥದ ವಾಕ್ಯ: ಬಣ್ಣ ರಾಚುತ್ತಿದೆಯೋ, ಚಿತ್ರ ಅಸಭ್ಯವಾಗಿದೆಯೋ? ಅವೆನ್ಯೂ ರಸ್ತೆಯ ಹಳೆ ಪುಸ್ತಕದ ರಾಶಿಯಲ್ಲಿ ಇಂಗ್ಲಿಷಿನ ‘ಪಲ್ಪ್’ ಎನ್ನುವ ಅಗ್ಗದ ಪತ್ತೇದಾರಿ ಕಾದಂಬರಿ ಸಿಕ್ಕರೆ ಅದರ ಮುಖಪುಟ ನೋಡಿ. ಚಾಕು, ಕಿರುಚುವ ಹೆಣ್ಣು, ಹಳದಿ ಹಿನ್ನೆಲೆ, ಕೆಂಪು ಅಕ್ಷರ. ಅಲ್ಲಿ ಎರಡರ್ಥವೂ ಒಟ್ಟಿಗೇ ಇವೆ. ಆಗ ‘ರಾಚುವ ಬಣ್ಣದ, ಬೆಚ್ಚಿಬೀಳಿಸುವ ಮುಖಪುಟ’ ಎಂದು ಎರಡನ್ನೂ ಹೇಳಿಬಿಡಿ. ಕನ್ನಡದಲ್ಲಿ ಎರಡು ಪದ ಆದರೇನೂ ನಷ್ಟವಿಲ್ಲ.

‘ಲೂರಿಡ್ ಅಲಿಗೇಷನ್ಸ್’ ಬಂದಾಗ ತುಸು ನಿಲ್ಲಿ. ಆರೋಪ ಸುಳ್ಳು ಎಂದು ಈ ಪದ ಹೇಳುವುದಿಲ್ಲ, ಆದರೆ ಆರೋಪ ಮಾಡಿದವರ ಮಾತನ್ನು ಹಗುರ ಮಾಡುತ್ತದೆ. ಹೆಣ್ಣೊಬ್ಬಳು ತನ್ನ ಮೇಲಾದ ದೌರ್ಜನ್ಯವನ್ನು ಪೊಲೀಸರಿಗೆ ಹೇಳಿದ್ದರೆ ಆ ಹೇಳಿಕೆ ಎಷ್ಟೇ ಕಟುವಾಗಿದ್ದರೂ ಅದು ಲೂರಿಡ್ ಅಲ್ಲ. ಅವಳು ಯಾರನ್ನೂ ರಂಜಿಸಲು ಹೇಳಿದ್ದಲ್ಲ. ಮೂಲ ಇಂಗ್ಲಿಷಿನಲ್ಲಿ ಆ ಪದ ಇದ್ದರೂ ಕನ್ನಡದಲ್ಲಿ ‘ಗಂಭೀರ ಆರೋಪ’ ಎಂದು ಬರೆದು, ಬದಲಿಸಿದ್ದನ್ನು ಸಂಪಾದಕರ ಗಮನಕ್ಕೆ ತನ್ನಿ. ಮೂಲದವರ ಅಭಿಪ್ರಾಯವನ್ನೇ ವರದಿ ಮಾಡುತ್ತಿದ್ದರೆ ಅದು ಯಾರ ಮಾತು ಎಂದು ಹೆಸರಿಸಿ ಉದ್ಧರಣ ಚಿಹ್ನೆಯೊಳಗೆ ಇಡಿ.

ನಿಮ್ಮದೇ ಬರಹ ಲೂರಿಡ್ ಆಗಿದೆಯೇ?

ಪದದ ಅರ್ಥ ಕೈಗೆ ಸಿಕ್ಕಿದೆಯೋ ಇಲ್ಲವೋ ಎಂದು ನೋಡಲು ಇದಕ್ಕಿಂತ ಒಳ್ಳೆಯ ಅಭ್ಯಾಸವಿಲ್ಲ. ಈ ಕಾಲ್ಪನಿಕ ತಲೆಬರಹ ತೆಗೆದುಕೊಳ್ಳಿ:

‘ಪತ್ನಿಯ ಕತ್ತು ಸೀಳಿ ರಕ್ತದ ಮಡುವಿನಲ್ಲಿ ಕುಳಿತಿದ್ದ ಪಾಪಿ ಪತಿ! ಮಧ್ಯರಾತ್ರಿ ಆ ಮನೆಯಲ್ಲಿ ನಡೆದದ್ದೇನು?’

ಇದನ್ನು ಲೂರಿಡ್ ಮಾಡಿದ್ದು ಯಾವುದು ಎಂದು ಒಂದೊಂದಾಗಿ ಕಳಚಿ. ‘ಸೀಳಿ’ ಎಂಬ ಕ್ರಿಯಾಪದ ಕೈಯ ಚಲನೆಯನ್ನೇ ತೋರಿಸುತ್ತದೆ. ‘ರಕ್ತದ ಮಡು’ ಸವೆದು ಹೋದ ಮಾತಾದರೂ ಕಣ್ಣಿಗೆ ಬಣ್ಣ ಎರಚುವ ಕೆಲಸವನ್ನು ಇನ್ನೂ ಮಾಡುತ್ತದೆ. ‘ಪಾಪಿ’ ಎಂದಾಗ ನ್ಯಾಯಾಲಯಕ್ಕಿಂತ ಮೊದಲೇ ತೀರ್ಪು ಬಂತು. ‘ಆ ಮನೆ’ಯ ‘ಆ’ ಅಕ್ಷರ ಓದುಗನನ್ನು ಕಿಟಕಿಯ ಸಂದಿಗೆ ಕರೆದೊಯ್ಯುತ್ತದೆ. ಕೊನೆಗೆ ಉತ್ತರ ಗೊತ್ತಿದ್ದೂ ಕೇಳಿದ ಪ್ರಶ್ನೆ. ಆಶ್ಚರ್ಯಸೂಚಕ ಬೇರೆ. ಇಷ್ಟನ್ನೂ ತೆಗೆದರೆ ಉಳಿಯುವುದು: ‘ಪತ್ನಿಯ ಕೊಲೆ ಆರೋಪ: ಪತಿ ಬಂಧನ.’ ಸುದ್ದಿಗೆ ಬೇಕಾದ ಒಂದು ಸಂಗತಿಯೂ ಕಡಿಮೆಯಾಗಲಿಲ್ಲ.

ತಲೆಬರಹದ ಕೆಳಗಿನ ವರದಿಗೂ ಇದೇ ಕ್ರಮ. ಪ್ರತಿ ವಿವರದ ಮುಂದೆ ನಿಂತು ‘ಇದು ಇಲ್ಲದಿದ್ದರೆ ಓದುಗನಿಗೆ ಏನು ತಿಳಿಯದೆ ಹೋಗುತ್ತದೆ?’ ಎಂದು ಕೇಳಿ. ಆಯುಧ ಯಾವುದು ಎಂಬುದು ಪ್ರಕರಣಕ್ಕೆ ಬೇಕಾಗಬಹುದು. ಎಷ್ಟು ಸಲ ಇರಿದ ಎಂಬುದು ಆರೋಪಪಟ್ಟಿಯ ವಾದಕ್ಕೆ ಬೇಕಾಗಬಹುದು. ನೈಟಿಯ ಬಣ್ಣ ಯಾವುದಕ್ಕೂ ಬೇಡ. ಟಿವಿಗೆ ಬರೆಯುವವರು ಸ್ಕ್ರಿಪ್ಟ್ ಜೊತೆಗೆ ಹಿನ್ನೆಲೆ ಸಂಗೀತ, ಮರುಸೃಷ್ಟಿಯ ದೃಶ್ಯ, ಕೆಂಪು ವೃತ್ತ, ಬಾಣ ಇವನ್ನೂ ಇದೇ ಪ್ರಶ್ನೆಗೆ ಒಡ್ಡಬೇಕು. ಮಾತು ಸಂಯಮದಿಂದಿದ್ದು ಚಿತ್ರ ಕಿರುಚುತ್ತಿದ್ದರೆ ಒಟ್ಟು ಫಲ ಲೂರಿಡ್ಡೇ.

ಒಂದು ಗೆರೆ ಕಾನೂನಿನದು. ಅತ್ಯಾಚಾರ ಸಂತ್ರಸ್ತೆಯ ಗುರುತು ಬಯಲಾಗುವಂಥ ವಿವರ ಪ್ರಕಟಿಸುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂ ಪ್ರಕಾರ ಅಪರಾಧ. 2024ರ ಜುಲೈ 1ಕ್ಕೆ ಮೊದಲು ಇದು ಐಪಿಸಿಯ 228-ಎ ಕಲಂನಲ್ಲಿತ್ತು. ಶಿಕ್ಷೆ 2 ವರ್ಷದವರೆಗೆ ಜೈಲು ಮತ್ತು ದಂಡ. ಮಕ್ಕಳ ವಿಷಯದಲ್ಲಿ ಪೋಕ್ಸೋ ಕಾಯ್ದೆಯ 23ನೇ ಕಲಂ ಇದೆ. ಹೆಸರು ಬಿಟ್ಟರೆ ಸಾಕು ಎಂದು ತಿಳಿಯುವುದು ಇಲ್ಲಿನ ದೊಡ್ಡ ತಪ್ಪು. ಬಡಾವಣೆ, ಶಾಲೆ, ತಂದೆಯ ಕೆಲಸ, ಮನೆಯ ಮುಂದಿನ ಗುಡಿ ಇವನ್ನು ಜೋಡಿಸಿದರೆ ಆ ಬೀದಿಯವರಿಗೆ ಮನೆ ಯಾವುದೆಂದು ತಿಳಿಯುತ್ತದೆ. ಬರಹಕ್ಕೆ ‘ಜೀವ’ ಬರಲೆಂದು ಸೇರಿಸುವ ವಿವರಗಳೇ ಇವು.

ಬಳಸದಿರುವುದು ಲೇಸು ಎನಿಸುವ ಕಡೆಗಳು

ಕಚೇರಿಯ ಪತ್ರವ್ಯವಹಾರದಲ್ಲಿ, ಸಹೋದ್ಯೋಗಿಯ ಸ್ಲೈಡ್‌ಗಳ ಬಣ್ಣ ಇಷ್ಟವಾಗದಿದ್ದರೆ ‘ಟೂ ಬ್ರೈಟ್’ ಎಂದರೆ ಸಾಕು. ಲೂರಿಡ್ ಎಂದರೆ ಅವರ ಅಭಿರುಚಿಯನ್ನೇ ಜರೆದಂತೆ. ವಿನ್ಯಾಸಕಾರರಿಗೆ ಕೆಲಸ ಒಪ್ಪಿಸುವಾಗ ‘ಲೂರಿಡ್ ಬಣ್ಣ ಹಾಕಿ’ ಎಂದು ಹೇಳಿದರೆ ಅವರಿಗೆ ಗೊಂದಲ, ಅದು ಕೇಳಿಕೆಯಂತೆ ಕೇಳಿಸುವ ಬೈಗುಳ. ದೂರು ಅರ್ಜಿಯಲ್ಲಿ, ಕೋರ್ಟಿಗೆ ಕೊಡುವ ಪ್ರಮಾಣಪತ್ರದಲ್ಲಿ ಈ ಪದ ಬೇಡ. ಅಲ್ಲಿ ಬೇಕಾದದ್ದು ಸಂಗತಿ, ಇದು ತೀರ್ಪು. ಸಂತಾಪದ ಬರಹದಲ್ಲಂತೂ ಹತ್ತಿರ ತರಬೇಡಿ. ಅಪಘಾತದಲ್ಲಿ ತೀರಿಕೊಂಡವರ ಬಗ್ಗೆ ‘ಲೂರಿಡ್ ಡೆತ್’ ಎಂದು ಬರೆದರೆ ಸಾವನ್ನು ಪ್ರದರ್ಶನದ ವಸ್ತು ಎಂದಂತಾಗುತ್ತದೆ. ‘ಟ್ರ್ಯಾಜಿಕ್’ ಎನ್ನಿ, ಕನ್ನಡದಲ್ಲಿ ‘ದಾರುಣ’ ಎನ್ನಿ.

ಪುಸ್ತಕ ವಿಮರ್ಶೆಯಲ್ಲಿ ಬಳಸಬಹುದು, ಆದರೆ ಪುರಾವೆಯೊಂದಿಗೆ. ಯಾವ ಅಧ್ಯಾಯ, ಯಾವ ದೃಶ್ಯ, ಕಥೆಗೆ ಬೇಡದ ಯಾವ ವಿವರ ಅಲ್ಲಿ ಎಳೆದು ನಿಂತಿದೆ ಎಂದು ಒಂದು ವಾಕ್ಯದಲ್ಲಾದರೂ ತೋರಿಸಿ. ಹಿಂಸೆ ಇದೆ ಎಂಬ ಒಂದೇ ಕಾರಣಕ್ಕೆ ಕೃತಿಯನ್ನು ಲೂರಿಡ್ ಎನ್ನುವುದು ಅನ್ಯಾಯ. ಕುರುಕ್ಷೇತ್ರದಲ್ಲಿ ಭೀಮ ದುಶ್ಯಾಸನನ ಎದೆ ಬಗೆಯುವ ಪ್ರಸಂಗವನ್ನು ಯಕ್ಷಗಾನದವರು ಇಂದಿಗೂ ರಂಗದ ಮೇಲೆ ತರುತ್ತಾರೆ. ಅಲ್ಲಿ ನೆತ್ತರಿದೆ, ಆರ್ಭಟವಿದೆ, ಕೆಂಪು ಬಣ್ಣವೂ ಇದೆ. ದ್ರೌಪದಿಯ ಬಿಚ್ಚಿದ ಮುಡಿ ನೋಡುಗರ ನೆನಪಿನಲ್ಲಿ ಇರುವವರೆಗೆ ಅದಕ್ಕೆ ಈ ವಿಶೇಷಣ ತಾಗುವುದಿಲ್ಲ.